ಬಾಸ್ಕೆಟ್‌ಬಾಲ್ ಅಂಕಣದ ಭತ್ತ

ನಾನು ಚಿಕ್ಕವಳಿದ್ದಾಗ ನಮ್ಮ ಕಾಲನಿಯಲ್ಲಿ ನುಣ್ಣನೆಯ ಸಿಮೆಂಟಿನ ನೆಲ ಅಂತ ಇದ್ದದ್ದು ಒಂದೇ ಕಡೆ. ಅದು ಶಾಲೆಯ ಬಾಸ್ಕೆಟ್‌ಬಾಲ್ ಅಂಕಣ. ವರ್ಷವೆಲ್ಲ ಅದು ಮಕ್ಕಳದ್ದು. ಏಪ್ರಿಲ್, ಮೇ ಬಂತೆಂದರೆ ಮಾತ್ರ ಹೆಂಗಸರದ್ದು.

ಅದಕ್ಕೆ ಕಾರಣವಿತ್ತು. ನಮ್ಮ ಮೊದಲಿನ ಊರು ಚೆಂಡಿಯಾ. ಅಲ್ಲಿನ ಜಾಗ ನೌಕಾನೆಲೆಗೆ ಹೋದ ಮೇಲೆ, ಕಾರವಾರಕ್ಕೂ ಅಂಕೋಲೆಗೂ ನಡುವೆ ಹೆದ್ದಾರಿಯ ಪಕ್ಕದಲ್ಲಿ ನಮಗೆಲ್ಲ ಸೈಟು ಕೊಟ್ಟಿದ್ದರು. ಹಳೆಯ ಮನೆಗೆ ಸಗಣಿ ಸಾರಿಸಿದ ದೊಡ್ಡ ಅಂಗಳವಿತ್ತು. ಹೊಸ ಮನೆಯ ಮುಂದೆ ಒಂದು ಎಮ್ಮೆ ತಿರುಗಿ ನಿಲ್ಲುವಷ್ಟೂ ಜಾಗವಿರಲಿಲ್ಲ, ಇದ್ದಷ್ಟೂ ಕೆಂಪು ಜಲ್ಲಿ. ಮಳೆಗಾಲಕ್ಕೆ ಮೊದಲು ಒಣಗಿಸಬೇಕಾದದ್ದನ್ನೆಲ್ಲ ಎಲ್ಲಿ ಹರಡುವುದು? ಹಪ್ಪಳ, ಮುರುಗಲು ಹಣ್ಣಿನ ಸಿಪ್ಪೆ, ಬಲೆ ಮುಚ್ಚಿದ ಒಣಮೀನು, ಕುಚ್ಚಲಕ್ಕಿಗೆಂದು ಬೇಯಿಸಿದ ಭತ್ತ ಎಲ್ಲವೂ ಅಂಕಣಕ್ಕೇ ಬರುತ್ತಿದ್ದವು. ನಮ್ಮ ಚೆಂಡಿಗೆ ಸಿಗಡಿಯ ವಾಸನೆ ಹಿಡಿದು, ಅದನ್ನು ತಬ್ಬಿಕೊಂಡು ಹೋದರೆ ದಾರಿಯ ಬೆಕ್ಕುಗಳು ಹಿಂದೆ ಬರುತ್ತಿದ್ದವು. ಸುಳ್ಳಲ್ಲ.

ನಮಗೆ ಆಟ ಕಲಿಸುತ್ತಿದ್ದವರು ಪಿ.ಟಿ. ಸರ್. ಗದ್ದೆಗಳ ಊರಾದ ಕಿನ್ನರದಿಂದ ಹಳೆಯ ಬೈಕಿನಲ್ಲಿ ಬರುತ್ತಿದ್ದರು. ಪಂದ್ಯಗಳೆಲ್ಲ ಶಾಲೆ ಶುರುವಾದ ಮೇಲೆ ಮಳೆಗಾಲದಲ್ಲಿ. ಆದರೆ ಬೇಸಿಗೆ ರಜೆಯಲ್ಲೂ ಅವರು ನಮ್ಮನ್ನು ಬಿಡುತ್ತಿರಲಿಲ್ಲ. "ಆಟ ಗೆಲ್ಲೂದು ಮೇ ತಿಂಗ್ಳಲ್ಲಿ. ಕಪ್ ಕೊಡೂದು ಮಾತ್ರ ಮಳೆಗಾಲದಲ್ಲಿ" ಎನ್ನುತ್ತಿದ್ದರು. ಬೆಳಗ್ಗೆ ಎಂಟರವರೆಗೆ ಅಂಕಣ ಹುಡುಗಿಯರಿಗೆ, ಆಮೇಲೆ ಹೆಂಗಸರಿಗೆ ಎಂದು ಅವರೂ ಆಯಿಯೂ ಬಾಯಿಮಾತಿನಲ್ಲೇ ಗೆರೆ ಎಳೆದುಕೊಂಡಿದ್ದರು. ಆಯಿ ಎಂದರೆ ನನ್ನ ತಾಯಿ. ಕಾಲನಿಯ ಹೆಂಗಸರಲ್ಲಿ ಅವಳ ಮಾತು ಸ್ವಲ್ಪ ಜೋರು.

ಸರ್ ಕಲಿಸುವ ರೀತಿಯೇ ಬೇರೆ. ರಜೆಯ ಮೊದಲ ದಿನಗಳಲ್ಲಿ ಚೆಂಡನ್ನು ಮುಟ್ಟುವಂತೆಯೇ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಕುಳಿತುಕೊಳ್ಳಬೇಕು. ಮಂಡಿ ಬಗ್ಗಿಸಿ, ಪಾದ ಎತ್ತದೆ, ಆ ಗೆರೆಯಿಂದ ಈ ಗೆರೆಗೆ ಅಡ್ಡಡ್ಡ ಜಾರಬೇಕು. ತೊಡೆ ಉರಿದು ಹೋಗುತ್ತಿತ್ತು. ಎಡಗೈ ಬಲಿಯಲಿ ಅಂತ, ಮನೆಯಲ್ಲೂ ಆದಷ್ಟು ಕೆಲಸ ಎಡಗೈಯಲ್ಲೇ ಮಾಡಿ ಎಂದಿದ್ದರು. ನಾನು ಮಹಾ ವಿಧೇಯ ಶಿಷ್ಯೆ. ಅಪ್ಪ ಊಟಕ್ಕೆ ಕುಳಿತಾಗ ಎಡಗೈಯಿಂದಲೇ ಸಾರು ಬಡಿಸಿದೆ. ಆಯಿಯ ಸೌಟು ನನ್ನ ಮೊಣಕೈಗೆ ಬಿತ್ತು.

"ಎಡಗೈಲಿ ಬಡಿಸೂದು ಯಾವ ಶಾಲೆಲಿ ಕಲಿಸ್ತಾರೆ? ನಿನ್ ಸರ್ ಹತ್ರ ನಾನೇ ಕೇಳ್ತೆ" ಎಂದಳು. ಅಪ್ಪ ನಗು ತಡೆಯಲಾಗದೆ ಅನ್ನ ನೆತ್ತಿಗೇರಿಸಿಕೊಂಡ. ಅಕ್ಕ ಅವನ ಬೆನ್ನು ತಟ್ಟುತ್ತಾ ನನ್ನ ಕಡೆ ನೋಡಿ ಕಣ್ಣು ಹೊಡೆದಳು.

ಆ ವರ್ಷ ನಾನು ಏಳನೆಯ ತರಗತಿ ಮುಗಿಸಿದ್ದೆ. ಕಾರವಾರದ ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸಲು ಒಬ್ಬರು ಮೇಡಂ ಶಾಲೆ ಶಾಲೆಗೆ ಬರುತ್ತಾರೆಂದು ಸರ್ ಹೇಳಿದರು. ಆಯ್ಕೆಯಾದರೆ ಅಲ್ಲೇ ಊಟ, ಅಲ್ಲೇ ಓದು, ದಿನಕ್ಕೆ ಎರಡು ಹೊತ್ತು ಆಟ. ನನಗೆ ಅದರ ಹೊರತು ಬೇರೆ ಏನೂ ಬೇಡವಾಗಿತ್ತು. ಮಲಗಿದರೂ ಎದ್ದರೂ ಅದೇ ಧ್ಯಾನ.

ಮೇಡಂ ಬರುವ ದಿನ ನಾವು ಬೆಳಕು ಹರಿಯುವಷ್ಟರಲ್ಲೇ ಅಂಕಣ ಗುಡಿಸಿ ಕಾದೆವು. ಏಳಾಯಿತು, ಎಂಟಾಯಿತು, ಮೇಡಂ ಇಲ್ಲ. ಈಗಿನ ಹಾಗೆ ಎಲ್ಲರ ಕೈಯಲ್ಲಿ ಫೋನಿಲ್ಲ. ಸರ್ ಹೆದ್ದಾರಿಯ ಬೂತಿಗೆ ಹೋಗಿ ಫೋನ್ ಮಾಡಿ ಬಂದು, ಬಿಣಗಾ ಘಟ್ಟದಲ್ಲಿ ಲಾರಿ ಅಡ್ಡ ಬಿದ್ದಿದೆಯಂತೆ, ಬಸ್ಸುಗಳೆಲ್ಲ ಅಲ್ಲೇ ನಿಂತಿವೆಯಂತೆ ಎಂದರು. ಇನ್ನು ಇವತ್ತು ಬರುವುದಿಲ್ಲ ಎಂದು ಎಲ್ಲರೂ ತಿಳಿದುಕೊಂಡೆವು. ಆಯಿಗೆ ಕಾಯುವಂತಿರಲಿಲ್ಲ. ನಸುಕಿನಲ್ಲೇ ಎದ್ದು ಹಂಡೆಯಲ್ಲಿ ಭತ್ತ ಬೇಯಿಸಿದ್ದಳು. ಅಪ್ಪ ಪಾಲಿಗೆ ಮಾಡುತ್ತಿದ್ದ ಗದ್ದೆಯ ಭತ್ತ, ಮಳೆಗಾಲವಿಡೀ ನಾವು ಉಣ್ಣಬೇಕಾದದ್ದು. ಅವಳೂ ಅಕ್ಕನೂ ಬುಟ್ಟಿಯಲ್ಲಿ ಹೊತ್ತು ತಂದು ಹಬೆಯಾಡುತ್ತಿದ್ದ ಭತ್ತವನ್ನು ಅಂಕಣದಲ್ಲಿ ಸುರಿದು ಹರಡಿದರು. ಪಕ್ಕದ ಮನೆಯ ಅತ್ತೆ ತನ್ನ ಭತ್ತವನ್ನೂ ಹರಡಿದಳು. ಅದು ಹಿಂದಿನ ದಿನವೇ ಮುಕ್ಕಾಲು ಒಣಗಿತ್ತು.

ಹತ್ತೂವರೆಗೆ ಮೇಡಂ ಬಂದರು.

ಸೀರೆಯ ಕೆಳಗೆ ಬಿಳಿ ಶೂ, ಕುತ್ತಿಗೆಯಲ್ಲಿ ಸೀಟಿ. ಮಧ್ಯಾಹ್ನದೊಳಗೆ ಅಂಕೋಲೆ ಮುಟ್ಟಬೇಕು, ಅರ್ಧ ಗಂಟೆ ಇದೆ ಎಂದರು. ಅಂಕಣದ ಕಡೆ ತಿರುಗಿದರು. ಈ ಕಂಬದಿಂದ ಆ ಕಂಬದವರೆಗೆ ಭತ್ತ. ಸರ್ ತಡವರಿಸುತ್ತಾ, ಪಕ್ಕದ ಮೈದಾನದಲ್ಲಿ ಓಡಿಸಿ ನೋಡಬಹುದಲ್ಲ ಎಂದರು.

"ಈ ಜಲ್ಲಿಯಲ್ಲಿ ಚೆಂಡು ಪುಟಿಯೋದಿಲ್ಲ ಸರ್. ಚೆಂಡು ಇಲ್ದೆ ನಾನು ಏನು ನೋಡ್ಲಿ?" ಎಂದರು ಮೇಡಂ.

ಭತ್ತ ತೆಗೆಯಿರಿ ಎಂದು ಸರ್ ಕೇಳುವಂತಿರಲಿಲ್ಲ. ಬೇಯಿಸಿದ ಭತ್ತವನ್ನು ಬಿಸಿಬಿಸಿಯಾಗಿ ರಾಶಿ ಹಾಕಿದರೆ ಏನಾಗುತ್ತದೆಂದು ಕಿನ್ನರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದು ಒಳಗೊಳಗೇ ಬೆವರಿ ಹಳಸುತ್ತದೆ, ಆಮೇಲೆ ಎಷ್ಟು ಒಣಗಿಸಿದರೂ ಅಕ್ಕಿಗೆ ಅಂಟಿದ ವಾಸನೆ ಹೋಗುವುದಿಲ್ಲ. ನನಗೂ ಅದು ಗೊತ್ತಿತ್ತು. ಆಯಿಯ ಮುಖ ನೋಡಲು ಧೈರ್ಯ ಸಾಲದೆ ನನ್ನ ಕಾಲ್ಬೆರಳು ನೋಡುತ್ತಾ ನಿಂತೆ.

ಅಕ್ಕ ಮೆಲ್ಲಗೆ, "ಆಯಿ, ಅರ್ಧ ಗಂಟೆ ಅಲ್ದಾ" ಎಂದಳು.

"ನೀ ಸುಮ್ನಿರು. ಹಳಸಿದ ಅನ್ನ ನಾಲ್ಕು ತಿಂಗ್ಳು ಉಂಡ್ರೆ ಗೊತ್ತಾಗ್ತದೆ ಅರ್ಧ ಗಂಟೆ ಅಂದ್ರೆ ಎಂತದು ಅಂತ."

ಇಷ್ಟು ಹೇಳಿ ಆಯಿ ಮೇಡಂ ಹತ್ತಿರ ಹೋದಳು. "ಹೌದ್ರಾ, ಅಲ್ಲಿ ಹುಡ್ಗೀರಿಗೆ ಹೊಟ್ಟೆ ತುಂಬ ಉಣ್ಣಲಿಕ್ಕೆ ಕೊಡ್ತಾರಾ?"

"ಕೊಡ್ತಾರಮ್ಮ."

"ಆಡೂದು ಒಂದೇ ಅಲ್ಲ, ಓದೂದೂ ಉಂಟಾ?"

"ಉಂಟು."

ಆಯಿ ಒಮ್ಮೆ ಆಕಾಶ ನೋಡಿದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಭತ್ತ ಗೋರುವ ಹಲಗೆ ಕೈಗೆತ್ತಿಕೊಂಡು, "ತೆಗೀರಿ ಹಂಗಾರೆ. ನಮ್ಮನೇದು ಮೊದ್ಲು" ಎಂದಳು. ಅತ್ತೆ ಬೇಡ ಬೇಡ ಎನ್ನುತ್ತಲೇ ತಾನೂ ಹಲಗೆ ಹಿಡಿದಳು. ಸರ್ ಪ್ಯಾಂಟು ಮಡಚಿ ಇಳಿದರು. ನಾವೆಲ್ಲ ಕೈಯಲ್ಲಿ, ಕಾಲಲ್ಲಿ ನೂಕಿ ಅರ್ಧ ಅಂಕಣ ಖಾಲಿ ಮಾಡಿದೆವು. ನಮ್ಮ ಭತ್ತ ಮೂಲೆಯಲ್ಲಿ ದೊಡ್ಡ ರಾಶಿಯಾಯಿತು. ಅದರಿಂದ ಇನ್ನೂ ಹಬೆ ಏಳುತ್ತಿತ್ತು.

ಆಟ ಶುರುವಾಯಿತು. ನೆಲ ಅಲ್ಲಲ್ಲಿ ಒದ್ದೆ, ಎಷ್ಟು ಗುಡಿಸಿದರೂ ಉಳಿದ ಕಾಳು. ಅವತ್ತಿಗೆಂದೇ ಶೂ ಹಾಕಿಕೊಂಡು ಬಂದಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಧೊಪ್ಪೆಂದು ಬಿದ್ದರು. ನನಗೆ ಶೂ ಇರಲಿಲ್ಲ. ಒಣಗುವ ಭತ್ತವನ್ನು ಕಾಲಲ್ಲಿ ಕೆದರಿ ಮಗುಚುವುದು ನಮ್ಮ ಮನೆಯಲ್ಲಿ ನನ್ನದೇ ಕೆಲಸ. ಅಲ್ಲೂ ಪಾದ ಎತ್ತುವಂತಿಲ್ಲ, ಕಾಳು ತುಳಿಯುವಂತಿಲ್ಲ, ಎಳೆದುಕೊಂಡೇ ಹೋಗಬೇಕು. ಸರ್ ಹೇಳಿಕೊಟ್ಟಂತೆ ಮಂಡಿ ಬಗ್ಗಿಸಿ ಹಾಗೆಯೇ ಜಾರಿದೆ. ಎದುರಿನವಳು ಎತ್ತ ಹೋದರೂ ಅವಳ ಮುಂದೆ ನಾನು. ಒಂದು ಚೆಂಡು ಕಸಿದು ಎಡಗೈಯಲ್ಲಿ ಎತ್ತಿ ಹಾಕಿದೆ. ಕಬ್ಬಿಣದ ಬಳೆಗೆ ಬಡಿದು ಒಳಗೆ ಬಿತ್ತು. ಆಮೇಲೆ ಸುಲಭದ ಎರಡು ತಪ್ಪಿಸಿದೆ, ಅದನ್ನೂ ಹೇಳಬೇಕಲ್ಲ.

ನಡುವೆ ಅಪ್ಪ ಗದ್ದೆಯಿಂದ ಬಂದ. ರಾಶಿ ನೋಡಿದ. ಅದರೊಳಗೆ ಮೊಣಕೈವರೆಗೆ ಕೈ ತೂರಿಸಿ ಶಾಖ ನೋಡಿದ. ಆಯಿಯ ಕಡೆ ತಿರುಗಿದ. ಅವಳು ಗಲ್ಲದಿಂದ ನನ್ನತ್ತ ತೋರಿಸಿದಳು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಆಟ ಮುಗಿಯುವವರೆಗೂ ನೋಡಿದ.

ಮೇಡಂ ಇಬ್ಬರ ಹೆಸರು ಹೇಳಿದರು. ಎರಡನೆಯದು ನನ್ನದು. ಬೇರೆ ಮಕ್ಕಳು ಕೂಗುತ್ತಿದ್ದರು. ಆಯಿ ಮಾತ್ರ ಆಗಲೇ ರಾಶಿ ಒಡೆಯುತ್ತಿದ್ದಳು. "ನಿಂತು ನೋಡ್ತೀ ಎಂತಕೆ, ಬಾ, ಕಾಲ್ ಹಾಕು" ಎಂದಳು.

ಮತ್ತೆ ಹರಡಿದೆವು. ಆದರೆ ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಮೋಡ ಕವಿಯಿತು. ಸಂಜೆ ಆ ವರ್ಷದ ಮೊದಲ ಮಳೆ ಬಂತು. ಅರೆಬರೆ ಒಣಗಿದ್ದನ್ನು ಮನೆಯೊಳಗೆ ತಂದು ಹಾಸಿಗೆ ಸುತ್ತಿಟ್ಟು ನೆಲದ ತುಂಬ ಹರಡಿದೆವು. ನಾಲ್ಕೂ ಜನ ಗೋಡೆಗೆ ಒರಗಿ ಕೂತು ನಿದ್ದೆ ಮಾಡಿದೆವು.

ಆಯಿ ಹೇಳಿದ ಹಾಗೇ ಆಯಿತು. ಅಕ್ಕಿ ಮಾಡಿಸಿ ತಂದ ಮೇಲೆ ಅನ್ನಕ್ಕೆ ಹುಳಿ ಹುಳಿ ಮುಗ್ಗಲು ವಾಸನೆ. ಮೀನಿನ ಸಾರು ಎಷ್ಟು ಖಾರ ಮಾಡಿದರೂ ಅದು ಮೇಲೆ ಬರುತ್ತಿತ್ತು. ಅಪ್ಪ ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಊಟಕ್ಕೆ ಕೊಂಕು ತೆಗೆಯುವ ಅಕ್ಕನೂ ತಟ್ಟೆ ಖಾಲಿ ಮಾಡಿ ಏಳುತ್ತಿದ್ದಳು. ಯಾರೂ ಒಂದು ದಿನವೂ ಆ ಮಾತೆತ್ತಲಿಲ್ಲ. ಜೂನಿನಲ್ಲಿ ನಾನು ಹಾಸ್ಟೆಲಿಗೆ ಹೋದೆ. ಅಲ್ಲಿ ಮೊದಲ ಊಟಕ್ಕೆ ಮಲ್ಲಿಗೆಯಂಥ ಬಿಳಿ ಅನ್ನ ಬಡಿಸಿದರು. ಅದಕ್ಕೆ ಯಾವ ವಾಸನೆಯೂ ಇರಲಿಲ್ಲ. ಮನೆಯಲ್ಲಿ ಆ ಮೂವರು ಈಗ ಏನು ಉಣ್ಣುತ್ತಿದ್ದಾರೆಂದು ನೆನಪಾಗಿ ತಟ್ಟೆಯ ಮುಂದೆಯೇ ಅತ್ತುಬಿಟ್ಟೆ. ಮನೆ ನೆನಪಾಯಿತಾ ಎಂದು ಅಡುಗೆಯವರು ಕೇಳಿದರು. ಹೌದೆಂದೆ.

ಈಗ ಮೊಮ್ಮಕ್ಕಳಾದ ನೀವು ಆಡುವ ಅಂಕಣಕ್ಕೆ ಮೇಲೆ ಮಾಡು ಇದೆ, ಮರದ ನೆಲವಿದೆ, ದೀಪವಿದೆ. ಮಳೆಯಾಗಲಿ ಬಿಸಿಲಾಗಲಿ ನಿಮ್ಮ ಅಭ್ಯಾಸ ನಿಲ್ಲುವುದಿಲ್ಲ. ಯಾರನ್ನೂ ಜಾಗ ಬಿಡಿ ಎಂದು ಕೇಳಬೇಕಿಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ. ಒಳ್ಳೆಯದೇ ಆಯಿತು, ನನಗೆ ಸಂತೋಷವೇ. ಹೋದ ವಾರ ನಿಮ್ಮ ಪಂದ್ಯ ನೋಡಲು ಬಂದಾಗ ಬಾಗಿಲಲ್ಲಿ ಚಪ್ಪಲಿ ಬಿಡಿ ಎಂದರು. ಬಿಟ್ಟೆ. ನೆಲ ತಣ್ಣಗಿತ್ತು, ಕಾಲಿಗೆ ಒಂದು ಕಾಳೂ ತಾಗಲಿಲ್ಲ. ಅಜ್ಜಿ, ನಾನು ಹಾಕಿದ ಬಾಸ್ಕೆಟ್ ನೋಡಿದೆಯಾ ಎಂದು ನೀವು ಆಮೇಲೆ ಓಡಿಬಂದು ಕೇಳಿದಿರಿ, ನಾನು ನೋಡಿದೆ ಎಂದೆ. ನೋಡಿರಲಿಲ್ಲ. ಇಷ್ಟು ದೊಡ್ಡ ನೆಲದಲ್ಲಿ ಎಷ್ಟು ಮನೆಯ ಭತ್ತ ಹರಡಬಹುದಿತ್ತು ಎಂದು ನೋಡುತ್ತಾ ಕುಳಿತಿದ್ದೆ.