ಆಯಿಗೆ ಹೊದಿಸಿದ ಕೌದಿ

ಈ ಸಲ ಬನಹಟ್ಟಿಯಲ್ಲಿ ಚಳಿ ಜೋರು. ಅವ್ವನ ಮೊಣಕಾಲು ನೋವಿಗೆಂದು ಕರೆಂಟಿನ ಹೀಟರ್ ತಂದೆ. ಅಂಗಡಿಯಲ್ಲಿ ಎಷ್ಟು ವರ್ಷ ಧೂಳು ತಿಂದಿತ್ತೋ ಏನೋ, ಸ್ವಿಚ್ ಹಾಕಿದ ಕೂಡಲೇ ಸುಟ್ಟ ಧೂಳಿನ ವಾಸನೆ ಪಡಸಾಲೆ ತುಂಬಿತು. ಅವ್ವ ಮೂಗು ಮುಚ್ಚಿಕೊಂಡಳು. ನನ್ನ ಕಣ್ಣೆದುರು ಬಂದದ್ದು ನಾನು ಕಲಿತ ಸ್ಕಾಟ್ಲೆಂಡಿನ ಚಿತ್ರಶಾಲೆಯ ದೊಡ್ಡ ಕೋಣೆ, ನಡುವೆ ಇಂಥದ್ದೇ ಒಂದು ಹೀಟರ್, ಪಕ್ಕದ ಸ್ಟೂಲಿನ ಮೇಲೆ ಆಯಿ.

ಆಯಿ ಎಂದರೆ ನಮ್ಮ ಕ್ಲಾಸಿಗೆ ಮಾಡೆಲ್ ಆಗಿ ಬರುತ್ತಿದ್ದ ಮುದುಕಿ. ಅಷ್ಟು ಹಿರಿಯಳನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಗೆ ಏಳುತ್ತಿರಲಿಲ್ಲ. ನಮ್ಮ ಕಡೆ ಅಜ್ಜಿಗೆ ಅನ್ನುವ ಹಾಗೆ ಮನಸ್ಸಿನಲ್ಲೇ ಆಯಿ ಅಂದುಕೊಂಡಿದ್ದೆ. ಮೈಮೇಲೆ ನೂಲೆಳೆಯಿಲ್ಲದೆ ಕೂರುವುದು ಆಕೆಯ ಕೆಲಸ, ನೋಡಿ ಬರೆಯುವುದು ನಮ್ಮದು. ನಾನೋ ಮಗ್ಗದ ಮನೆಯವಳು. ಊರಿಗೆಲ್ಲ ಸೀರೆ ನೇಯುವವರ ಮಗಳಿಗೆ ಬಟ್ಟೆಯಿಲ್ಲದ ಅಜ್ಜಿಯನ್ನು ನೋಡು ಎಂದರೆ ಹೇಗೆ ನೋಡಲಿ? ಮೊದಲು ಕಿಟಕಿ ಬರೆದೆ. ಆಮೇಲೆ ಸ್ಟೂಲು. ಧೈರ್ಯ ಮಾಡಿ ಆಯಿಯ ಪಾದದವರೆಗೆ ಬಂದೆ, ಅಲ್ಲಿಗೇ ನಿಂತೆ. ವರ್ಷ ಮುಗಿಯುವುದರೊಳಗೆ ಪೂರ್ತಿ ಮೈಯ ಚಿತ್ರ ಆಗದಿದ್ದರೆ ಪಾಸಾಗುವುದಿಲ್ಲ ಎಂದು ಸರ್ ಎಚ್ಚರಿಸಿದರು. ಫೇಲಾದರೆ ಗಂಟುಮೂಟೆ ಕಟ್ಟಬೇಕು. ಪಾಸಾದರೆ ಆ ಚಿತ್ರವನ್ನು ಅವ್ವನಿಗೆ ತೋರಿಸುವುದು ಹೇಗೆ? ಫೋನಿನಲ್ಲಿ ಆಕೆ ಕೇಳಿದಾಗಲೆಲ್ಲ ಗಿಡ, ಹೂವು ಬರೆಯುತ್ತಿದ್ದೇನೆ ಎನ್ನುತ್ತಿದ್ದೆ.

ಒಂದು ದಿನ ಹೀಟರ್ ಕೆಟ್ಟಿತು. ನಾವೆಲ್ಲ ಕೋಟು ಹಾಕಿಕೊಂಡೇ ಕೂತಿದ್ದೆವು. ನಾನು ಕೋಟಿನ ಮೇಲೆ ಕೌದಿಯನ್ನೂ ಹೊದ್ದಿದ್ದೆ, ಅವ್ವ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದದ್ದು. ಆಯಿಯ ತೋಳಿನ ಮೇಲೆ ರೋಮ ಎದ್ದದ್ದು ಕಂಡಿತು. ನನಗೆ ಏನಾಯಿತೋ, ಎದ್ದು ಹೋಗಿ ಕೌದಿ ಹೊದಿಸಿ, ನಮ್ಮಲ್ಲಿ ಹಿರಿಯರಿಗೆ ಮಾಡುವ ಹಾಗೆ ಅಂಚನ್ನು ಕಾಲಡಿಗೆ ಒತ್ತಿಬಿಟ್ಟೆ. ಕೂತ ಮಾಡೆಲ್ ಹತ್ತಿರ ಯಾರೂ ಹೋಗಬಾರದು, ಮುಟ್ಟಲಂತೂ ಬಾರದು. ಅಲ್ಲಿಯ ಮೊದಲ ನಿಯಮವೇ ಅದು. ಸರ್ ಮುಖ ಕೆಂಪಾಯಿತು.

ಆಯಿ ಕೈಯೆತ್ತಿ ಸರ್ ಅವರನ್ನು ತಡೆದಳು. ನನ್ನನ್ನೇ ನೋಡುತ್ತ ತನ್ನ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: ನನಗೆ ನಾಚಿಕೆಯಾಗಿಲ್ಲ ಮಗಳೇ, ಚಳಿಯಾಗಿದೆ ಅಷ್ಟೇ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟು ದಿನ ನಾಚಿಕೆ ಹೊತ್ತು ತಿರುಗಿದವಳು ನಾನು, ಆಕೆಗೆ ಅದರ ಸುದ್ದಿಯೇ ಇರಲಿಲ್ಲ. ಹೀಟರ್ ರಿಪೇರಿಯಾಗುವ ತನಕ ಕೌದಿಯೊಳಗೇ ಕೂತು ಚಹಾ ಕುಡಿದಳು. ಆಮೇಲೆ ಅದನ್ನು ಮಡಿಚಿಟ್ಟು, ಈಗ ಬರಿ ಎಂದಳು. ಬರೆದೆ. ಕೈ ತಡೆಯಲಿಲ್ಲ. ಪಾಸಾಗಿ ಊರಿಗೆ ಹೊರಡುವಾಗ ಕೌದಿಯನ್ನು ಆಕೆಗೇ ಕೊಟ್ಟು ಬಂದೆ.

ಚಿತ್ರ ಮಾತ್ರ ಸುರುಳಿಯಾಗಿ ನಮ್ಮ ಕಪಾಟಿನ ಮೇಲೆ ಉಳಿಯಿತು. ಜಮಖಂಡಿಯ ಕಾಲೇಜಿನಲ್ಲಿ ಕಲಿಸಲು ಸೇರಿ ಇಷ್ಟು ವರ್ಷವಾದರೂ ಅವ್ವನೆದುರು ಅದನ್ನು ಬಿಚ್ಚುವ ಧೈರ್ಯ ಆಗಲಿಲ್ಲ...

ಹೀಟರ್ ತಂದ ಮರುದಿನ, ಅಲ್ಲಿಯ ಗೆಳತಿಗೆ ಮೆಸೇಜು ಮಾಡಿ ಆಯಿ ಹೇಗಿದ್ದಾಳೆಂದು ಕೇಳಿದೆ. ತೀರಿಕೊಂಡಳಂತೆ, ಈಚೆಗಷ್ಟೇ. ಅಡುಗೆಮನೆಯ ಬಾಗಿಲಲ್ಲಿ ನಿಂತೇ ಅತ್ತೆ.

"ಯಾರಬೇ ಹ್ವಾದವರು?" ಅವ್ವ ಕೇಳಿದಳು. ಅಲ್ಲಿ ನಾನು ಕಲಿಯುವಾಗ ಇದ್ದ ಆಯಿ ಎಂದೆ. ಸುರುಳಿ ಇಳಿಸಿ ಬಿಚ್ಚಿದೆ.

ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಕೊನೆಗೆ ಹೊಟ್ಟೆಯ ಮೇಲಿನ ಗೆರೆಗಳಿಗೆ ಬೆರಳಿಟ್ಟು, "ಮೂರ್ನಾಕರ ಹಡದಾಳ ನೋಡು," ಅಂದಳು. "ಇಷ್ಟು ಛಲೋ ಬರದು ಮ್ಯಾಲ ಒಗದಿದ್ದಿಯಲ್ಲ. ಗ್ವಾಡಿಗಿ ಹಾಕು."

"ಬಂದವರು ಏನಂದಾರವ್ವಾ?"

"ಅನ್ನಾವ್ರ ಬಾಯಿ ಯಾರಿಗಿ ಹಿಡಿಯಾಕ ಬರ್ತೈತಿ? ಹಾಕು."

ಹಾಕಿದೆ. ಇಷ್ಟು ವರ್ಷದ ಭಾರ ಇಳಿದು ಮೈ ಹಗುರಾಯಿತು. ಆಯಿ ಇಲ್ಲವೆಂಬ ಸಂಕಟ ಮಾತ್ರ ಹಾಗೇ ಇತ್ತು.

ಸಂಜೆ ನೂಲಿನ ವ್ಯಾಪಾರದ ಕಾಕಾ ಬಂದರು. ಗೋಡೆ ನೋಡಿದವರೇ ತಲೆ ತಗ್ಗಿಸಿದರು. ಅವ್ವ ಚಹಾ ಕೊಡುತ್ತ, ದಿನದ ಮಾತೆಂಬಂತೆ ಹೇಳಿದಳು: "ನಮ್ಮ ಹುಡುಗಿ ಪರದೇಶದಾಗ ಕಲಿಯೂಮುಂದ ಇದ್ದ ಆಯಿರಿ. ಮೊನ್ನೆ ತೀರಿಕೊಂಡ್ಳು."

ಕಾಕಾ ತಲೆ ಎತ್ತಿದರು. ಟೋಪಿ ತೆಗೆದು ಚಿತ್ರಕ್ಕೆ ಕೈಮುಗಿದರು.

"ವಯಸ್ಸು ಭಾಳ ಆಗಿತ್ತೇನ್ರಿ?" ಎಂದರು.