ವಿಲಾಯತಿ ಫ್ರೇಮು

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ನಮ್ಮ ಪಕ್ಕದ ಮನೆಯ ಕ್ಲಾರ್ಕ್ ಸಾಹೇಬರು ಕೊಡ, ಕೀಲಿ ಏನೇ ಸಿಕ್ಕರೂ ಉಗುರಿನಿಂದ ಟಣ್ ಅನಿಸಿ, "ಖರೇ ವಿಲಾಯತಿ ಮಾಲ್ ರೀ!" ಎನ್ನುತ್ತಿದ್ದರು. ಅವರಿಗೆ ಇಂಗ್ಲಿಷ್ ಬರದಿದ್ದರೂ ಅವರ ಉಗುರಿಗೆ ಬರುತ್ತಿತ್ತು.

ಒಮ್ಮೆ ಶಹಾಪುರದ ಗುಜರಿಯಿಂದ ಯಾರೋ ಬಣ್ಣ ಬಳಿದು ಗುರುತು ಮುಚ್ಚಿಹೋಗಿದ್ದ ಹಳೇ ಸೈಕಲ್ ಫ್ರೇಮು ತಂದರು. ಟಣ್. ವಿಲಾಯತಿ! ಕಂಪನಿಯ ಹೆಸರು ಹುಡುಕಲು ಬಣ್ಣ ತಿಕ್ಕಿ ತಿಕ್ಕಿ ತೆಗೆದರು. ಕೊನೆಗೆ, ಮದುವೆಗೆ ಕೊಡುವ ಬೋಗುಣಿಯ ಮೇಲೆ ಹಾಕಿಸುವಂಥ ಚುಕ್ಕಿಚುಕ್ಕಿ ಕನ್ನಡ ಅಕ್ಷರಗಳು ಕಂಡವು.

ಅವರ ಹೆಂಡತಿ ಬಗ್ಗಿ ಓದಿದರು. "ಇದು ನಮ್ಮಪ್ಪನ ಹೆಸರ್ರಿ. ನಮ್ಮ ಮದುವ್ಯಾಗ ಕೊಟ್ಟಿದ್ದ ಸೈಕಲ್ಲು. ದೇಸಿ ಡಬ್ಬಾ ಅಂತ ನೀವ ಗುಜರಿಗಿ ಹಾಕಿದ್ರಿ."

ಆಕೆ ಸೆರಗಿನಿಂದ ಆ ಹೆಸರಿನ ಧೂಳು ಒರೆಸಿದರು.

ಸಾಹೇಬರು ಮತ್ತೊಮ್ಮೆ ಟಣ್ ಅನಿಸಿ, ಕಿವಿಗೊಟ್ಟು ಕೇಳಿದರು: "ಹಂಗಾದ್ರ ನಿಮ್ಮಪ್ಪಗ ವಿಲಾಯತಿ ಮಾಲ್ ಎಲ್ಲಿ ಸಿಕ್ಕಿತ್ತು?"