ರೊಟ್ಟಿ ಬಡಿತವನ್ನೂ ಬರೆದುಕೊಂಡ ತಂತಿ

ಮೊದಲು ಮೂಗಿಗೆ ಸುಟ್ಟ ವಾಸನೆ ಬಂತು. ಹಂಚಿನ ಮೇಲಿನ ರೊಟ್ಟಿ ಸರಿಯಾಗಿಯೇ ಇತ್ತು. ಏನು ಸುಡುತ್ತಿದೆ ಎಂದು ಕೇಳಲು ಬಾಯಿ ತೆರೆದದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ನನ್ನ ಬಲ ಅಂಗೈ ಸುಟ್ಟಿತ್ತು.

ನಾನು ಹುಲಿಗೆಮ್ಮ. ರಾಯಚೂರಿನ ನಮ್ಮ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇನೆ. ತವರು ದೇವದುರ್ಗದ ಮಸರಕಲ್. ಅಲ್ಲಿ ಹೆಣ್ಣಿನ ಕೈಗುಣ ನೋಡುವುದು ರೊಟ್ಟಿಯ ಅಂಚು ನೋಡಿ. ನನ್ನ ರೊಟ್ಟಿಯ ಅಂಚು ಎಂದೂ ಸೀಳಿದ್ದಿಲ್ಲ. ಅಷ್ಟು ಜಂಬ ನನಗಿದೆ, ಮುಚ್ಚಿಡುವುದಿಲ್ಲ.

ಸುದ್ದಿ ಕೇಳಿ ಅವ್ವ ಓಡಿ ಬಂದಳು. "ನೀರಮಾನ್ವಿ ಯಲ್ಲಮ್ಮಗ ಕಾಯಿ ಒಡ್ಸಿ ಬರೋಣ ನಡಿ" ಎಂದಳು. ಹೋಗಿ ಬಂದೆವು. ಮತ್ತೆ ಎರಡು ಸಲ ಹಾಗೇ ಆಯಿತು. ಡಾಕ್ಟರು ಫಿಟ್ಸ್ ಇರಬಹುದು, ಆ ಸುಟ್ಟ ವಾಸನೆಯೂ ಅದರದೇ ಎಂದರು. ಸ್ಕ್ಯಾನ್ ನಾರ್ಮಲ್, ಇಇಜಿ ನಾರ್ಮಲ್. ತಲೆಗೆ ವೈರು ಅಂಟಿಸಿಕೊಂಡು ಅರ್ಧ ಗಂಟೆ ಮಲಗಿದ್ದಾಗಲೇ ಬಾ ಎಂದರೆ ಫಿಟ್ಸ್ ಬರುತ್ತದೆಯೇ? ಗುಳಿಗೆ ಶುರುವಾಯಿತು. ಬೆಂಕಿಯ ಹತ್ತಿರ ಹೋಗಬಾರದೆಂದು ಹೇಳಿ ಕಳಿಸಿದರು.

ನಮ್ಮ ಮನೆಯವರು ಆಟೋ ಹೊಡೆಯುತ್ತಾರೆ. ಅವರು ಡಾಕ್ಟರಿಗಿಂತ ಒಂದು ಹೆಜ್ಜೆ ಮುಂದೆ ಹೋದರು.

"ಹಿಟ್ಟೂ ಮುಟ್ಟಂಗಿಲ್ಲ, ಒಲೀನೂ ಮುಟ್ಟಂಗಿಲ್ಲ. ನನ್ನಾಣಿ ಮಾಡು."

ಮಾಡಿದೆ. ಹೊಟ್ಟೆಪಾಡು ಹೇಗೋ ನಡೆಯಿತು. ಆದರೆ ಕೈಕಟ್ಟಿ ಕುಳಿತ ಆ ದಿನಗಳಲ್ಲಿ ನಾನು ಯಾರಿಗೂ ಬೇಡದವಳಾದೆ ಅನ್ನಿಸಿತು. ಮತ್ತೆ ರೊಟ್ಟಿ ಬಡಿಯದಿದ್ದರೆ ನಾನು ನಾನಾಗಿ ಉಳಿಯುವುದಿಲ್ಲ ಎಂಬ ಭಯ. ಫಿಟ್ಸಿಗಿಂತ ಆ ಭಯವೇ ದೊಡ್ಡದು.

ಆಗ ಡಾಕ್ಟರು ಹೈದರಾಬಾದಿನ ಆಸ್ಪತ್ರೆಯೊಂದಕ್ಕೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ನಮ್ಮ ಕಡೆಯ ಮಾನ್ವಿಯವರೇ, ಪುಣ್ಯಕ್ಕೆ. ಕಿವಿಯ ಹಿಂದೆ, ಚರ್ಮದ ಕೆಳಗೆ ಒಂದು ಸಣ್ಣ ತಂತಿ ಇಡುತ್ತೇವೆ ಎಂದರು. ಬುರುಡೆ ಕೊರೆಯುವುದಿಲ್ಲ. ಹಗಲಿರುಳು ಮಿದುಳಿನ ಅಲೆಗಳನ್ನು ಬರೆದುಕೊಂಡು, ವೈರಿಲ್ಲದೆ ಫೋನಿಗೆ ಕಳಿಸುತ್ತದೆ. ಇನ್ನೂ ಪ್ರಯೋಗದಲ್ಲಿರುವುದು, ಮನಸ್ಸಿದ್ದರೆ ಮಾತ್ರ ಒಪ್ಪಿ ಎಂದರು. ಒಪ್ಪಿದೆ. ಎರಡು ಹೊಲಿಗೆ ಬಿದ್ದವು. ಮರುದಿನವೇ ಮನೆಗೆ ಬಂದೆ.

ಒಂದು ವಾರ ಸುಮ್ಮನಿದ್ದೆ. ಆಮೇಲೆ ತಡೆಯಲಾಗಲಿಲ್ಲ. ಮೈದುನನ ಹೆಂಡತಿ, ನೆಗೆಣ್ಣಿ ಮಾನಮ್ಮನ ಮನೆ ನಮ್ಮ ಓಣಿಯಲ್ಲೇ ಇದೆ. ಇವರು ಆಟೋ ತೆಗೆದುಕೊಂಡು ಹೋದ ಮೇಲೆ, ಹತ್ತು ಗಂಟೆಗೆ ಅಲ್ಲಿಗೆ ಹೋಗುವುದು. ನಾನು ಬಡಿಯುವುದು, ಅವಳು ಸುಡುವುದು. ಒಲೆಯಿಂದ ದೂರವೇ ಕುಳಿತಿದ್ದೇನಲ್ಲ, ಅರ್ಧ ಆಣೆಯಾದರೂ ಉಳಿದಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಂತ್ರ ಬರೆದುಕೊಳ್ಳುವುದು ರೋಗವನ್ನು ಮಾತ್ರ ಎಂದು ತಿಳಿದಿದ್ದೆ.

ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮ ಕಂಪ್ಯೂಟರಿನ ಗೆರೆಗಳ ಮೇಲೆ ಬೆರಳಿಟ್ಟರು.

"ದಿನಾ ಮುಂಜಾನಿ ಹತ್ತರಿಂದ ಹನ್ನೊಂದೂವರಿ ತನಕ ಫಿಟ್ಸ್ ಅಂತ ತೋರಿಸಾಕತ್ತದ. ಇಷ್ಟು ಬರಾಕತ್ತಿದ್ರ ಗುಳಿಗಿ ಡಬಲ್ ಮಾಡಬೇಕಾಗ್ತದ. ಆಪರೇಶನ್ ಬಗ್ಗೇನೂ ಯೋಚನಿ ಮಾಡಬೇಕು."

ಪಕ್ಕದಲ್ಲಿದ್ದ ಇವರು ಕುರ್ಚಿಯ ಅಂಚಿಗೆ ಸರಿದರು. ಬಾಯಿ ಬಿಟ್ಟರೆ ಆಣೆ ಮುರಿದದ್ದು ಗೊತ್ತಾಗುತ್ತದೆ. ಬಿಡದಿದ್ದರೆ ಇಲ್ಲದ ರೋಗಕ್ಕೆ ಆಪರೇಶನ್.

"ಮೇಡಂ," ಎಂದೆ, "ಆ ಹೊತ್ತಿಗೆ ನಾ ರೊಟ್ಟಿ ಬಡೀತೀನ್ರಿ."

ಅವರು ನನ್ನನ್ನೇ ನೋಡಿದರು. "ಬಡದು ತೋರಸ್ರಿ" ಎಂದರು. ಹಿಟ್ಟಿಲ್ಲ, ಕಲ್ಲಿಲ್ಲ. ಅವರ ಮೇಜಿನ ಮೇಲೆಯೇ ಬರಿಗೈಯಲ್ಲಿ ಬಡಿದೆ. ಮೈ ತೂಗಿತು, ತಲೆ ತೂಗಿತು. ಪರದೆಯ ಮೇಲೆ ಗೆರೆಗಳು ಎದ್ದು ಬಿದ್ದವು. ಕೈ ನಿಲ್ಲಿಸಿದೆ, ಅವೂ ನಿಂತವು.

ಡಾಕ್ಟರಮ್ಮ ನಗತೊಡಗಿದರು. "ನಮ್ಮವ್ವನ ತಲಿನೂ ಹಿಂಗೇ ತೂಗ್ತದ. ಈ ಕಂಪ್ಯೂಟರಿಗೆ ರೊಟ್ಟಿ ಯಾರು ಕಲಿಸ್ಯಾರ?" ಎಂದು ಆ ಹೊತ್ತಿನ ಗೆರೆಗಳನ್ನೆಲ್ಲ ತೆಗೆದುಹಾಕಿ ಮತ್ತೆ ನೋಡಿದರು. ಉಳಿದದ್ದು ಬೆರಳೆಣಿಕೆಯಷ್ಟು, ಎಲ್ಲವೂ ನಸುಕಿನ ನಿದ್ದೆಯಲ್ಲಿ. ಹಗಲಿನವು ಗುಳಿಗೆಗೆ ನಿಂತಿದ್ದವು. ಮಲಗುವಾಗಿನ ಗುಳಿಗೆಯನ್ನಷ್ಟೇ ತುಸು ಹೆಚ್ಚಿಸಿದರು. ಬಡಿಯಬಹುದು, ಆದರೆ ಹಂಚಿನ ಮುಂದೆ ಬೇರೆಯವರು ಕೂಡಬೇಕು ಎಂದರು. ಫಿಟ್ಸ್ ಶುರುವಾಗುವಾಗಲೇ ಸಣ್ಣ ಕರೆಂಟ್ ಕೊಟ್ಟು ತಡೆಯುವ ತಂತಿಗಳೂ ಬರುತ್ತಿವೆಯಂತೆ. ನನಗೆ ಅಲ್ಲಿಯವರೆಗೆ ಇದು ಸಾಕು.

ಇವರು ಆಗಲೇ ಎದ್ದು ಹೊರಗೆ ಹೋಗಿದ್ದರು. ವರಾಂಡದಲ್ಲಿ ಬೆಂಚಿನ ಮೇಲೆ ಕುಳಿತಿದ್ದರು. ತಪ್ಪಾಯಿತು ಎಂದೆ.

"ಆಟೋ ಹೊಡಿಯಾಕತ್ತಾಗ ಫೋನ್ ಬಂದ್ರ ಸಾಕು, ಎದಿ ಝಲ್ ಅಂತಿತ್ತು," ಎಂದರು. "ಅಲ್ಲೇ ಬಿದ್ದು ಏನರ ಆಗಿದ್ರ? ನಾ ಏನ್ ಮಾಡ್ಬೇಕಿತ್ತು, ಹೇಳು."

ಅವರ ಕಣ್ಣು ತುಂಬಿತ್ತು. ನಾನು ನನ್ನ ಭಯವನ್ನಷ್ಟೇ ಅಳೆದುಕೊಂಡು ಕುಳಿತಿದ್ದೆ, ಅವರದನ್ನು ಕೇಳಿಯೇ ಇರಲಿಲ್ಲ. ನಾಚಿಕೆಯಾಯಿತು. ಅಲ್ಲೇ ಕೂತು ಅತ್ತುಬಿಟ್ಟೆ.

ಫಿಟ್ಸ್ ಪೂರ್ತಿ ಹೋಗಿಲ್ಲ. ಮೊನ್ನೆ ನಸುಕಿನಲ್ಲಿ ಒಂದು ಬಂದದ್ದು ಫೋನಿನಿಂದಲೇ ಗೊತ್ತಾಯಿತು. ಮೈ ಭಾರವಾಗಿತ್ತು. ಸ್ವಲ್ಪ ಹೊತ್ತು ಮಲಗಿ ಎದ್ದೆ. ಹತ್ತಕ್ಕೆ ನಮ್ಮ ಮನೆಯಲ್ಲೇ ಹಿಟ್ಟು ನಾದಿಟ್ಟು, ಹಂಚಿನ ಮುಂದೆ ಕೂಡಲು ಬರಬೇಕಿದ್ದ ಮಾನಮ್ಮನ ದಾರಿ ಕಾಯುತ್ತಿದ್ದೆ. ಬಂದವರು ಇವರು. ಆಟೋ ಹೊರಗೆ ನಿಲ್ಲಿಸಿ, ಕೈ ತೊಳೆದು, ಲುಂಗಿ ಎತ್ತಿ ಕಟ್ಟಿ ಒಲೆ ಹಚ್ಚಿದರು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನಕ್ಕರು. ಇವರು ತಲೆ ಎತ್ತಲಿಲ್ಲ.

"ಏ ಹುಲಿಗಿ, ಬಡಿ," ಎಂದರು. "ಹಂಚು ಕಾದದ."